ಗೊಂಬೆ ಅಪ್ಪ

ನಾಲ್ಕರಿಂದ ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿದ್ದು, ಮಹಾಲಯ ಅಮಾವಾಸ್ಯೆ ಹತ್ತಿರವಾದಂತೆ ಮನೆಯ ಅಟ್ಟದ ಕಡೆಗೆ ಪದೇ ಪದೇ ಕತ್ತೆತ್ತಿ ನೋಡುವ ಗೃಹಸ್ಥನನ್ನು ಗೊಂಬೆ ಅಪ್ಪ ಎನ್ನಬಹುದು. ಮೈಸೂರು, ಮಂಡ್ಯ, ಹಾಸನ, ತುಮಕೂರು, ಬೆಂಗಳೂರು, ಹೀಗೆ ಹಳೇ ಮೈಸೂರು ಸೀಮೆಯ ಉದ್ದಗಲಕ್ಕೂ ಇವನು ಕಾಣಸಿಗುತ್ತಾನೆ. ವರ್ಷದ ಹತ್ತು ತಿಂಗಳು ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಎಲ್ಲರಂತೆ ಇದ್ದು, ಆಶ್ವಯುಜ ಮತ್ತು ಕಾರ್ತಿಕ ಸೇರಿದ ಶರದೃತುವಿನಲ್ಲಿ ಮಾತ್ರ ನಿಜರೂಪ ತೋರುತ್ತಾನೆ. ಈ ಎರಡು ತಿಂಗಳಲ್ಲಿ ಮಾಡುವ ಪ್ರತಿ ಕೆಲಸಕ್ಕೂ ಅವನು ಕೊಡುವ ಕಾರಣ ಒಂದೇ: "ಮಕ್ಕಳಿಗೋಸ್ಕರ." ಮಕ್ಕಳು ಅದನ್ನು ಕೇಳಿದ್ದರೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಋತುವಿನ ಮೊದಲ ಘಟ್ಟ ನವರಾತ್ರಿಗೆ ಕೂರಿಸುವ ಗೊಂಬೆಗಳ ಟ್ರಂಕು ಇಳಿಸುವುದು. ನವರಾತ್ರಿ ಆಶ್ವಯುಜ ಶುದ್ಧ ಪಾಡ್ಯದಿಂದ ಆರಂಭ. ಅದಕ್ಕೆ ಹಿಂದಿನ ಹದಿನೈದು ದಿನ ಪಿತೃಪಕ್ಷ. "ಪಕ್ಷ ಮುಗಿಯೋ ತನಕ ಗೊಂಬೆ ಮುಟ್ಟಬೇಡ ಕಣೋ" ಎಂದು ಮನೆಯ ಅಜ್ಜಿ ಹೇಳುತ್ತಾರೆ. ಟ್ರಂಕು ಇಳಿಸುವುದು ಬೇರೆ, ತೆಗೆಯುವುದು ಬೇರೆ ಎಂದು ಗೊಂಬೆ ಅಪ್ಪ ವಾದಿಸುತ್ತಾನೆ. ಇಳಿಸಿದ ಮೇಲೆ, ತೆಗೆಯುವುದು ಬೇರೆ, ಜೋಡಿಸುವುದು ಬೇರೆ ಎಂಬ ಹೊಸ ವಾದ ಹುಟ್ಟುತ್ತದೆ. ಗೊಂಬೆಗಳಿಗೆ ಸುತ್ತಿದ್ದ ಹಳೆಯ ದಿನಪತ್ರಿಕೆಗಳನ್ನು ಬಿಡಿಸಿ ಓದುತ್ತಾ ಕೂರುವುದು ಈ ಹಂತದ ಖಚಿತ ಗುರುತು. ಎಂದೋ ಮುಗಿದ ಚುನಾವಣೆಯ ಸಮೀಕ್ಷೆಯನ್ನು ಅವನು ಕುತೂಹಲದಿಂದ ಓದಿ ಮುಗಿಸುವಷ್ಟರಲ್ಲಿ ಮಕ್ಕಳು ಅರ್ಧ ಟ್ರಂಕು ಖಾಲಿ ಮಾಡಿರುತ್ತಾರೆ. ಪ್ರತಿವರ್ಷವೂ ಒಂದು ಗೊಂಬೆಯ ಕೈ ಮುರಿದಿರುತ್ತದೆ. ಕಳೆದ ಸಲ ಸುತ್ತಿಟ್ಟವರು ಯಾರು ಎಂಬ ವಿಚಾರಣೆ ನಡೆದು, ಫೆವಿಕಾಲ್ ಹಚ್ಚುವಲ್ಲಿಗೆ ಮುಗಿಯುತ್ತದೆ.

ಗೊಂಬೆ ಕೂರಿಸುವ ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು ಅಥವಾ ಒಂಬತ್ತು. ಊಟದ ಮೇಜು, ಟ್ರಂಕು, ರಟ್ಟಿನ ಪೆಟ್ಟಿಗೆ, ಹಳೆಯ ಗೈಡುಗಳ ಕಟ್ಟು ಇವುಗಳಿಂದ ಮೆಟ್ಟಿಲು ಕಟ್ಟಿ, ಮೇಲೆ ಬಿಳಿಯ ಪಂಚೆ ಹಾಸುವುದು ಹಿಂದಿನ ಕ್ರಮ. ಈಚಿನವರು ಬೋಲ್ಟು ಬಿಗಿಯುವ ಕಬ್ಬಿಣದ ಸ್ಟ್ಯಾಂಡು ತಂದಿದ್ದಾರೆ. ಇದರಿಂದ ಊಟದ ಮೇಜು ಉಳಿದರೂ ಸಮಯವೇನೂ ಉಳಿದಿಲ್ಲ, ಏಕೆಂದರೆ ಪ್ರತಿವರ್ಷವೂ ಒಂದು ಬೋಲ್ಟು ಕಡಿಮೆ ಬೀಳುತ್ತದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕಳಶ ಮತ್ತು ಪಟ್ಟದ ಗೊಂಬೆ. ರಕ್ತಚಂದನದ ಈ ರಾಜ, ರಾಣಿ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿನ ತವರಿನವರು ಕೊಡುವುದು ವಾಡಿಕೆ. ಆದ್ದರಿಂದ ಆ ಮೆಟ್ಟಿಲು ಪೂರ್ತಿ ಹೆಂಡತಿಯ ಸುಪರ್ದಿನಲ್ಲಿದೆ. ವರ್ಷವರ್ಷವೂ ರಾಣಿಗೆ ಹೊಸ ಸೀರೆ ಉಡಿಸುವ, ರಾಜನಿಗೆ ಪೇಟ ಸುತ್ತುವ ಕೆಲಸ ಅಮ್ಮನದು ಮತ್ತು ಮಕ್ಕಳದು. ಗೊಂಬೆ ಅಪ್ಪನ ಪಾಲಿಗೆ ಬರುವುದು ಸ್ಟೂಲು ಹಿಡಿದುಕೊಳ್ಳುವ ಭಾಗ್ಯ.

ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ಮದುವೆ ಮನೆ, ವಾದ್ಯದವರು, ದಿನಸಿ ಅಂಗಡಿ ಇಟ್ಟ ಶೆಟ್ಟಿ ಮತ್ತು ಶೆಟ್ಟಮ್ಮ ಬರುತ್ತಾರೆ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಗೊಂಬೆಗಳಿಗೂ ಇಲ್ಲೇ ಜಾಗ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕರಕುಶಲ ಅದು ಎಂದು ಗೊಂಬೆ ಅಪ್ಪ ಬಂದವರಿಗೆಲ್ಲ ವಿವರಿಸುತ್ತಾನೆ. ಚಿಕ್ಕ ಮಗಳು ಅಷ್ಟರಲ್ಲಿ ಆ ಸಾಲಿಗೆ ಒಂದು ಪ್ಲಾಸ್ಟಿಕ್ ಡೈನೋಸಾರು ಮತ್ತು ಒಂದು ಕಾಲಿಲ್ಲದ ಬಾರ್ಬಿಯನ್ನು ಸೇರಿಸಿರುತ್ತಾಳೆ. ಬಾರ್ಬಿಗೆ ಜರತಾರಿಯ ಚೂರು ಸುತ್ತಿ ಮದುವೆ ಮನೆಗೆ ಕಳಿಸುವುದರಿಂದ ಒಂದು ಸಮಸ್ಯೆ ಬಗೆಹರಿಯುತ್ತದೆ. ಡೈನೋಸಾರು ಮಾತ್ರ ಮತ್ಸ್ಯ, ಕೂರ್ಮರ ನಡುವೆ ಹತ್ತು ದಿನವೂ ನಿಂತಿರುತ್ತದೆ. ಅದನ್ನು ತೆಗೆಯಲು ಹೋದವರ ಮನೆಯಲ್ಲಿ ಅಳು ಶುರುವಾಗುತ್ತದೆ.

ಗೊಂಬೆ ಅಪ್ಪನ ನಿಜವಾದ ರಾಜ್ಯ ಇರುವುದು ಮೆಟ್ಟಿಲುಗಳ ಮುಂದಿನ ಪಾರ್ಕಿನಲ್ಲಿ. ಹಬ್ಬಕ್ಕೆ ಒಂದು ವಾರ ಇರುವಾಗ ತಟ್ಟೆಗಳಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ ಪೈರು ಬರಿಸುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಮೊಳಕೆ ನೋಡಲು ಓಡುವವನು ಅವನೇ. ಕಂದು ಕಾಗದ ಮುದುರಿ ಚಾಮುಂಡಿ ಬೆಟ್ಟ, ಅರ್ಧ ದಾರಿಯಲ್ಲಿ ನಂದಿ, ಕನ್ನಡಿಯ ಕೆರೆ, ಅಕ್ವೇರಿಯಂ ಮೋಟರಿನಿಂದ ಚಿಮ್ಮುವ ಕಾರಂಜಿ, ಸುತ್ತಲೂ ಓಡುವ ರೈಲು: ಇದು ಪಾರ್ಕಿನ ಸಾಮಾನ್ಯ ವಿನ್ಯಾಸ. ದೇಶದ ಆಗುಹೋಗುಗಳಿಗೂ ಇಲ್ಲಿ ಸ್ಥಾನವುಂಟು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದ ವರ್ಷ, ರಾಗಿ ಪೈರಿನ ಪಕ್ಕದಲ್ಲೇ ಸಿಮೆಂಟು ಚೆಲ್ಲಿ ಚಂದ್ರನ ನೆಲ ಮಾಡಿದ ಅಪ್ಪಂದಿರು ಇದ್ದರು. ಶೆಟ್ಟಮ್ಮನ ಅಂಗಡಿಯಿಂದ ಲ್ಯಾಂಡರ್‌ಗೆ ಒಂದು ಗೇಣು ದೂರ.

ಪಾರ್ಕು ಮಕ್ಕಳು ಆಡಲಿಕ್ಕೆಂದೇ ಮಾಡಿದ್ದು. ಆದರೆ "ಮುಟ್ಟಬೇಡ ಪುಟ್ಟಿ, ಕರೆಂಟ್ ಇದೆ", "ದೂರ ಹೋಗು ಚಿನ್ನ, ಹಳಿ ತಪ್ಪುತ್ತೆ" ಎಂಬ ಎರಡು ವಾಕ್ಯಗಳಾಚೆಗೆ ಮಕ್ಕಳಿಗೂ ಪಾರ್ಕಿಗೂ ಸಂಬಂಧ ಬೆಳೆಯುವುದಿಲ್ಲ. ಅವರಿಗೆ ವಹಿಸಿದ ಕೆಲಸ ಸೆಲ್ಲೋಟೇಪು ಕತ್ತರಿಸಿ ಕೊಡುವುದು. ರಾತ್ರಿ ಮಕ್ಕಳು ಮಲಗಿದ ಮೇಲೆ ಹನ್ನೊಂದರ ಹೊತ್ತಿಗೆ ರೈಲು ಓಡುವ ಸದ್ದು ಕೇಳಿದರೆ ಮನೆಯವರು ಗಾಬರಿಯಾಗಬೇಕಿಲ್ಲ.

ಸಂಜೆಯ ಗೊಂಬೆ ಭೇಟಿ ಇಡೀ ಋತುವಿನಲ್ಲಿ ಹೆಣ್ಣುಮಕ್ಕಳ ಕೈಯಲ್ಲೇ ಇರುವ ಒಂದೇ ಒಂದು ವ್ಯವಹಾರ. ಲಂಗ, ರವಿಕೆ ತೊಟ್ಟು, ಒಂದೊಂದು ಸ್ಟೀಲ್ ಡಬ್ಬಿ ಹಿಡಿದು, ಬೀದಿಯ ಪ್ರತಿ ಬಾಗಿಲಲ್ಲಿ "ಆಂಟಿ, ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳಬೇಕು. ಕೂರಿಸಿದ್ದರೆ ಒಳಗೆ ಹೋಗಿ ನೋಡಿ, ಕೇಳಿದರೆ ಒಂದು ಹಾಡು ಹೇಳಿ, ಚರ್ಪು ಪಡೆಯಬೇಕು. ಚರ್ಪೆಂದರೆ ಕಡಲೆ ಉಸಲಿ, ಹೆಸರುಕಾಳು, ಕೊಬ್ಬರಿ ಮಿಠಾಯಿ, ಚಕ್ಕುಲಿಯ ಚೂರು. ಈಗ ಬಿಸ್ಕತ್ತಿನ ಪೊಟ್ಟಣವೂ ಅದೇ ಹೆಸರಿನಲ್ಲಿ ನಡೆಯುತ್ತದೆ. ಯಾವ ಮನೆಯಲ್ಲಿ ಏನು, ಯಾವ ದಿನ, ಎಷ್ಟು ಎಂಬ ಲೆಕ್ಕ ದೊಡ್ಡ ಮಗಳ ಬಾಯಲ್ಲಿರುತ್ತದೆ. ವರ್ಷವಿಡೀ ಸಂಗೀತದ ಪಾಠಕ್ಕೆ ಹೋದ ಅವಳು ಹಾಡೆಂದರೆ ಅಮ್ಮನ ಸೆರಗು ಹಿಡಿಯುತ್ತಾಳೆ. ಯಾವ ಪಾಠಕ್ಕೂ ಹೋಗದ ಚಿಕ್ಕವಳು ಹೊಸ ಸಿನಿಮಾ ಹಾಡನ್ನು ಕುಣಿತ ಸಮೇತ ಪೂರ್ತಿ ಒಪ್ಪಿಸುತ್ತಾಳೆ.

ಬೆಂಗಾವಲಿಗೆಂದು ಹೊರಟ ಗೊಂಬೆ ಅಪ್ಪ ಗೇಟಿನ ಬಳಿ ನಿಲ್ಲಬೇಕಾದವನು. ಮೂರನೆಯ ಮನೆಯ ಹೊತ್ತಿಗೆ ಒಳಗೆ ಬಂದು ಪರರ ಪಾರ್ಕಿನ ಮುಂದೆ ಮಂಡಿಯೂರಿರುತ್ತಾನೆ.

"ಮೋಟರ್ ಎಲ್ಲಿ ತಗೊಂಡ್ರಿ ಸಾರ್?"

"ಎಸ್‌.ಪಿ. ರೋಡಲ್ಲಿ. ನಿಮ್ದು ನೀರು ಎಷ್ಟೆತ್ತರ ಹಾರುತ್ತೆ?"

"ಹಾರುತ್ತೆ, ಪರವಾಗಿಲ್ಲ... ನಿಮ್ಮಷ್ಟಿಲ್ಲ."

"ನಮ್ಮದೇನಿಲ್ಲ ಬಿಡಿ ಸಾರ್, ಮಕ್ಕಳಿಗೋಸ್ಕರ ಮಾಡೋದಷ್ಟೆ."

ಆ ಮನೆಯ ಮಕ್ಕಳು ಅಷ್ಟು ಹೊತ್ತಿಗೆ ಡಬ್ಬಿ ಹಿಡಿದು ಮುಂದಿನ ಬೀದಿ ಸೇರಿರುತ್ತಾರೆ.

ನವರಾತ್ರಿಯ ಕೊನೆಯ ದಿನಗಳಲ್ಲಿ ಸರಸ್ವತಿ ಪೂಜೆ, ಆಯುಧ ಪೂಜೆ. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯಾಗುವ ತನಕ ಓದಬಾರದೆಂಬ ನಿಯಮವನ್ನು ಹೆಣ್ಣುಮಕ್ಕಳು ಶ್ರದ್ಧೆಯಿಂದ ಪಾಲಿಸುತ್ತಾರೆ. ಮೊದಲು ಒಳಗೆ ಹೋಗುವುದು ಗಣಿತ, ಅದರ ಹಿಂದೆಯೇ ದಸರಾ ರಜೆಯ ಹೋಂವರ್ಕು. ಮಹಾನವಮಿಯಂದು ಕಾರು, ಸ್ಕೂಟರು, ಸೈಕಲ್ಲು ತೊಳೆದು ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯಲಾಗುತ್ತದೆ. ಕುಂಕುಮದ ಬಟ್ಟಲು ಮಕ್ಕಳ ಕೈಗೆ ಸಿಕ್ಕಿದ ಮನೆಯಲ್ಲಿ ವಾಷಿಂಗ್ ಮಷೀನು, ಮಿಕ್ಸಿ, ಟಿ.ವಿ. ರಿಮೋಟು, ಮಲಗಿದ್ದ ಚಿಕ್ಕಪ್ಪ ಎಲ್ಲರಿಗೂ ಪೂಜೆ ಸಲ್ಲುತ್ತದೆ.

ಮೈಸೂರಿಗೆ ಹೋಗುವುದು ಗೊಂಬೆ ಅಪ್ಪನ ತೀರ್ಥಯಾತ್ರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು, ಅರಮನೆಯಲ್ಲಿ ಗೊಂಬೆ ತೊಟ್ಟಿ ಇರುವುದು, ದೀಪಾಲಂಕಾರಕ್ಕೆ ಸುಮಾರು ಒಂದು ಲಕ್ಷ ಬಲ್ಬು ಬೇಕಾಗುವುದು ಇವನ್ನೆಲ್ಲ ಕಾರಿನಲ್ಲೇ ಹೇಳಿ ಮುಗಿಸುತ್ತಾನೆ. ಹಿಂದಿನ ಸೀಟಿನಲ್ಲಿ ಮಕ್ಕಳು ಮದ್ದೂರು ವಡೆ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುತ್ತಿರುತ್ತಾರೆ. ಅನುಭವಸ್ಥನಾದವನು ಜಂಬೂಸವಾರಿಗೆ ಹೋಗುವುದಿಲ್ಲ, ತಾಲೀಮಿಗೆ ಹೋಗುತ್ತಾನೆ. ಆನೆಗಳು ಮರಳಿನ ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆಗೆ ನಡೆಯುವ ಆ ಬೆಳಗುಗಳಲ್ಲಿ ನೂಕುನುಗ್ಗಲು ಕಡಿಮೆ. ಅನನುಭವಿ ವಿಜಯದಶಮಿಯಂದೇ ಹೋಗಿ, ಚಿಕ್ಕವಳನ್ನು ಹೆಗಲ ಮೇಲೆ ಹೊತ್ತು ನಾಲ್ಕು ಗಂಟೆ ನಿಲ್ಲುತ್ತಾನೆ. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು ಹತ್ತಿರ ಬಂದಾಗ, ಚಿನ್ನದ ಅಂಬಾರಿಯ ತೂಕ 750 ಕಿಲೋ ಎನ್ನುತ್ತಾನೆ. "ಹಾಗಾದ್ರೆ ನನ್ನಂಥವರು ಮೂವತ್ತು ಜನ ಕೂತ ಹಾಗೆ" ಎಂದು ಇಪ್ಪತ್ತೈದು ಕಿಲೋ ತೂಗುವ ದೊಡ್ಡವಳು ಲೆಕ್ಕ ಹಾಕುತ್ತಾಳೆ. ರಜೆಯಲ್ಲಿ ಅವಳು ಮಾಡಿದ ಗಣಿತ ಇಷ್ಟೆ. ಚಿಕ್ಕವಳು "ಆನೆಗೆ ಬೆನ್ನು ನೋಯಲ್ವಾ ಅಪ್ಪ?" ಎನ್ನುತ್ತಾಳೆ. ತನ್ನ ಹೆಗಲು ಉಜ್ಜಿಕೊಳ್ಳುತ್ತಿದ್ದ ಗೊಂಬೆ ಅಪ್ಪನಿಗೆ ಉತ್ತರ ಹೊಳೆಯುವುದಿಲ್ಲ. ಅಲ್ಲಿಂದ ಮುಂದೆ ವಸ್ತುಪ್ರದರ್ಶನದ ಜಯಂಟ್ ವೀಲು, ಮೆಣಸಿನಕಾಯಿ ಬಜ್ಜಿ, ಬೊಂಬಾಯಿ ಮಿಠಾಯಿ. ಮರಳಿ ಶಾಲೆಗೆ ಹೋದ ಮಕ್ಕಳು "ರಜೆಯಲ್ಲಿ ನಾನು ಕಂಡದ್ದು" ಎಂದು ಬರೆಯುವಾಗ ಈ ಮೂರಕ್ಕೆ ಒಂದು ಪುಟ, ಆನೆಗೆ ಒಂದು ಸಾಲು ಮೀಸಲು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದರೆ ಹಬ್ಬ ಮುಗಿಯಿತು. ಕೂರಿಸುವಾಗ ಮನೆ ತುಂಬ ಇದ್ದ ಸಹಾಯಕರು ಕಟ್ಟಿಡುವಾಗ ಇರುವುದಿಲ್ಲ. "ನಾಳೆ ಮಾಡೋಣ" ಎಂಬ ಮಾತು ವಾರಗಟ್ಟಲೆ ನಡೆದು, ರಾಗಿ ಪೈರು ಹಳದಿಯಾಗಿ, ದೀಪಾವಳಿಗೆ ಎರಡು ದಿನ ಇರುವಾಗ ಅಮ್ಮನೊಬ್ಬಳೇ ಕೂತು ಎಲ್ಲವನ್ನೂ ಹೊಸ ಪತ್ರಿಕೆಗಳಲ್ಲಿ ಸುತ್ತುತ್ತಾಳೆ. ಆ ದಿನದ ಪತ್ರಿಕೆಯನ್ನು ಗೊಂಬೆ ಅಪ್ಪ ಇನ್ನೂ ಓದಿರುವುದಿಲ್ಲ. ಮುಂದಿನ ವರ್ಷ ಓದುತ್ತಾನೆ.

ಮುಂದೆ ದೀಪಾವಳಿ. ನೀರು ತುಂಬುವ ಹಬ್ಬದ ದಿನ ಹಂಡೆಯಿಲ್ಲದ ಮನೆಯಲ್ಲಿ ಗೀಸರಿಗೆ ಅರಿಸಿನ, ಕುಂಕುಮ ಹಚ್ಚಲಾಗುತ್ತದೆ. ನರಕ ಚತುರ್ದಶಿಯ ನಸುಕಿಗೆ ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ಸೀಗೆಪುಡಿ ಕಣ್ಣಿಗೆ ಬಿತ್ತೆಂದು ಬೀದಿಗೆ ಕೇಳುವಂತೆ ಕೂಗುತ್ತಾರೆ. ಪಟಾಕಿಯ ವಿಷಯದಲ್ಲಿ ಗೊಂಬೆ ಅಪ್ಪನ ಮನೆ ಒಡೆದಿರುತ್ತದೆ: ದೊಡ್ಡವಳು ಶಾಲೆಯಲ್ಲಿ ಪಟಾಕಿ ಹೊಡೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಬಂದವಳು, ಚಿಕ್ಕವಳು ಸದ್ದಿಗೆ ಹೆದರುವವಳು. ಇಬ್ಬರೂ ಕಿಟಕಿಯ ಹಿಂದಿನಿಂದ ನೋಡುತ್ತಿರುವಾಗ, ಅವರಿಗೋಸ್ಕರ ತಂದ ಹೂಕುಂಡ, ಭೂಚಕ್ರಗಳನ್ನೆಲ್ಲ ಅಪ್ಪ ಒಬ್ಬನೇ ಅಂಗಳದಲ್ಲಿ ಹಚ್ಚಿ, ಒಬ್ಬನೇ ಹಿಂದಕ್ಕೆ ಓಡುತ್ತಾನೆ.

ಪ್ರದೇಶಕ್ಕೆ ತಕ್ಕಂತೆ ಇವನಲ್ಲಿ ಉಪಜಾತಿಗಳಿವೆ. ಧಾರವಾಡ, ಬಾಗಲಕೋಟೆ ಕಡೆಯ ಅಪ್ಪನಿಗೆ ಕಾರ್ತಿಕದ ಗೌರಿ ಹುಣ್ಣಿಮೆಯೇ ದೊಡ್ಡದು. ಅಲ್ಲಿ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಸಂಜೆಯ ತನಕ ಆ ಸಕ್ಕರೆಯ ಆನೆ, ಕುದುರೆ, ತೇರುಗಳನ್ನು ಇರುವೆಗಳಿಂದಲೂ ಮಕ್ಕಳಿಂದಲೂ ಕಾಯುವುದು ಅಪ್ಪನ ಹೊಣೆ. "ಯವ್ವಾ, ಆನಿ ಸೊಂಡಿ ಎಲ್ಲಿ ಹೋತು?" ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡ ಮಗಳು ತಲೆಯಾಡಿಸುತ್ತಾಳೆ. ಮಂಗಳೂರಿನ ಅಪ್ಪ ನವರಾತ್ರಿಯಲ್ಲಿ ತಾಸೆಯ ಸದ್ದು ಕೇಳಿದಲ್ಲೆಲ್ಲ ಹುಲಿವೇಷ ತೋರಿಸಲು ಮಗಳನ್ನು ಕರೆದೊಯ್ಯುತ್ತಾನೆ. ಮಗಳು ಅವನ ಬೆನ್ನ ಹಿಂದೆ ಅಡಗುತ್ತಾಳೆ. ಅವನ ಕಾಲು ತಾಳಕ್ಕೆ ತಾನಾಗಿ ಎದ್ದಿರುತ್ತದೆ.

ಬೆಂಗಳೂರಿನ ಗೊಂಬೆ ಅಪ್ಪನ ಋತು ಮುಗಿಯುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ, ಕಾರ್ತಿಕದ ಕೊನೆಯ ಸೋಮವಾರ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಬಸವ ತಿಂದ ಕಥೆಯನ್ನು ಅವನು ದೊಡ್ಡ ಬಸವಣ್ಣನ ಮುಂದೆಯೇ ನಿಂತು ಹೇಳುತ್ತಾನೆ. ಮಕ್ಕಳ ಕಣ್ಣು ಬಳೆ, ಪೀಪಿ, ಬಲೂನುಗಳ ಮೇಲೆ. ಹಸಿ, ಹುರಿದ, ಬೇಯಿಸಿದ ಕಾಯಿಯನ್ನು ಸೇರುಗಟ್ಟಲೆ ಕೊಂಡು ಮನೆಗೆ ತಂದ ಮೇಲೆ ಅದನ್ನು ಬಿಡಿಸಿ ತಿನ್ನುವವರೂ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಈ ಸ್ಥಿತಿ ಒಬ್ಬ ಮಗಳಿಗೆ ಹೆಚ್ಚೆಂದರೆ ಏಳೆಂಟು ವರ್ಷ ನಡೆಯುತ್ತದೆ. ಹನ್ನೆರಡು ದಾಟಿದ ದೊಡ್ಡವಳು "ನಾನು ಬರಲ್ಲ, ಫ್ರೆಂಡ್ಸ್ ಜೊತೆ ಹೋಗ್ತೀನಿ" ಎಂದಾಗ ಚಿಕ್ಕವಳ ಮೇಲೆ ಭಾರ ಬೀಳುತ್ತದೆ. ಅವಳೂ ಕೈಬಿಟ್ಟ ಮೇಲೆ ತಂಗಿಯ ಮಕ್ಕಳು, ಅವರೂ ಬೆಳೆದ ಮೇಲೆ ಅಪಾರ್ಟ್‌ಮೆಂಟಿನ ಗೊಂಬೆ ಸಮಿತಿ. ಮಗಳ ಮದುವೆಯಲ್ಲಿ ವಾಡಿಕೆಯಂತೆ ಪಟ್ಟದ ಗೊಂಬೆ ಕೊಡುವಾಗ ಅವನು ರೈಲು, ಹಳಿ, ಮೋಟರು ಮತ್ತು ವೈರಿಂಗಿನ ಒಂದು ನಕ್ಷೆಯನ್ನೂ ಸೇರಿಸಿ ಕಳಿಸುತ್ತಾನೆ. ಮರುವರ್ಷ ಬೀಗರ ಮನೆಗೆ ಗೊಂಬೆ ನೋಡಲು ಹೋದಾಗ, ತಿರುವಿನಲ್ಲಿ ಹಳಿ ಸರಿಯಾಗಿ ಕೂತಿಲ್ಲವೆಂದು ಕಾಫಿ ಬರುವ ಮೊದಲೇ ನೆಲದ ಮೇಲೆ ಕೂರುತ್ತಾನೆ. ಅಳಿಯ ಎದುರಿಗೆ ಕೂತು, ಹಳಿ ಸರಿಯಾಗಿಯೇ ಇದೆ ಮಾವ, ತೊಂದರೆ ಇರುವುದು ಇಂಜಿನ್ನಿನಲ್ಲಿ ಎನ್ನುತ್ತಾನೆ.