ಮುಕ್ತ ಅವಕಾಶ ಮೀಮಾಂಸೆ: ಉಪನಗರದ ಮನೆ ಮಾರಾಟದ ಜಾಹೀರಾತಿನಲ್ಲಿ ರಸ, ಧ್ವನಿ ಮತ್ತು ಸಂಪು

ಬೆಂಗಳೂರಿನ ಯಲಹಂಕ ಉಪನಗರದಲ್ಲಿ ಕರ್ನಾಟಕ ಗೃಹ ಮಂಡಳಿ ಕಟ್ಟಿಸಿಕೊಟ್ಟ ಹಳೆಯ ಮನೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಬಂದಾಗ ಜಾಹೀರಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ಎಲ್‌ಐಜಿ ಮನೆ, ಪೂರ್ವಾಭಿಮುಖ, ಏರ್‌ಪೋರ್ಟಿಗೆ ಹತ್ತಿರ, ಟೈಟಲ್ ಕ್ಲಿಯರ್, ನವೀಕರಣಕ್ಕೆ ಮುಕ್ತ ಅವಕಾಶ.’ ಈ ಪಠ್ಯವನ್ನು ವಿದ್ವಲ್ಲೋಕ ಇದುವರೆಗೆ ಕರಿಬೇವು ಕಟ್ಟುವುದಕ್ಕಷ್ಟೇ ಬಳಸಿಕೊಂಡಿರುವುದು ವಿಷಾದನೀಯ. ಸದರಿ ಪಠ್ಯವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿ, ಅದರ ಮೌನಗಳೊಡನೆ ಅನುಸಂಧಾನ ನಡೆಸಿ, ತನ್ಮೂಲಕ ಗೋಡೆಯ ಸಂಕಥನವನ್ನು ವಿರಚನೆಗೊಳಪಡಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಹಾಗೆಂದರೇನು ಎಂದು ಕೇಳುವವರು ಯಾವುದಾದರೂ ವಿಚಾರ ಸಂಕಿರಣದ ಎರಡನೇ ಗೋಷ್ಠಿಯಲ್ಲಿ, ಊಟಕ್ಕೆ ಮುಂಚೆ, ಒಂದು ಗಂಟೆ ಕೂತು ಬರಬಹುದು.

ಆಲಂಕಾರಿಕರು ಮಾತಿಗೆ ಮೂರು ಶಕ್ತಿಗಳನ್ನು ಹೇಳಿದ್ದಾರೆ: ಅಭಿಧಾ, ಲಕ್ಷಣಾ, ವ್ಯಂಜನಾ. ‘ಪೂರ್ವಾಭಿಮುಖ’ ಎಂಬುದು ಶುದ್ಧ ಅಭಿಧೆ. ಬೆಳಿಗ್ಗೆ ಬಾಗಿಲಿಗೆ ಬಿಸಿಲು ಬೀಳುತ್ತದೆ, ತಕರಾರಿಲ್ಲ. ‘ಏರ್‌ಪೋರ್ಟಿಗೆ ಹತ್ತಿರ’ ಎಂಬುದು ಲಕ್ಷಣೆ. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ನೀರಿನ ಮೇಲೆ ಅಲ್ಲ, ದಡದಲ್ಲಿ ಎಂದು ಗ್ರಹಿಸಬೇಕೆಂಬುದು ಶಾಸ್ತ್ರಕಾರರ ಹಳೆಯ ಪಾಠ. ಅದೇ ರೀತಿ ದೇವನಹಳ್ಳಿಯ ನಿಲ್ದಾಣಕ್ಕೆ ಹತ್ತಿರ ಎಂದರೆ, ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡವರಿಗಿಂತ ಹತ್ತಿರ ಎಂದು ತಿಳಿಯತಕ್ಕದ್ದು. 2008ರಲ್ಲಿ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ ಈ ಲಕ್ಷಣೆ ಹಬ್ಬಿತು. ಈಗ ಚಿಕ್ಕಬಳ್ಳಾಪುರದ ಕಡೆಯ ಸೈಟುಗಳೂ ಏರ್‌ಪೋರ್ಟಿನ ದಡದಲ್ಲೇ ಇವೆ.

ಉಳಿದದ್ದು ವ್ಯಂಜನೆ. ಧ್ವನಿಯೇ ಕಾವ್ಯದ ಆತ್ಮ ಎಂದು ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಸಾರಿದ ಆನಂದವರ್ಧನನಿಗೆ ಬ್ರೋಕರುಗಳ ಸಹವಾಸ ಇರಲಿಲ್ಲ. ಇದ್ದಿದ್ದರೆ ‘ನವೀಕರಣಕ್ಕೆ ಮುಕ್ತ ಅವಕಾಶ’ವನ್ನೇ ಉತ್ತಮೋತ್ತಮ ಉದಾಹರಣೆಯಾಗಿ ಕೊಡುತ್ತಿದ್ದ. ಅದರೊಳಗೆ ಅಡಗಿರುವ ಅರ್ಥ ಇಷ್ಟು: ತಾರಸಿಯಲ್ಲಿ ಮಳೆನೀರು ನಿಂತಿದೆ. ನಿಂತದ್ದು ಬಿರುಕಿನಲ್ಲಿ ಇಳಿದು ಮೋಲ್ಡಿನ ಕಂಬಿಗೆ ತಾಗಿದೆ. ಕಂಬಿ ತುಕ್ಕು ಹಿಡಿದು ಊದಿದೆ. ಊದಿದ ಕಂಬಿ ಅಡಿಯ ಸಿಮೆಂಟನ್ನು ಹಪ್ಪಳದ ಹಾಗೆ ಎಬ್ಬಿಸಿ, ಒಂದು ರಾತ್ರಿ ಮಂಚದ ಮೇಲೆ ಕೆಡವಿದೆ. ಮಲಗಿದ್ದವರ ಸ್ಥಾಯಿಭಾವ ಭಯ. ಕೊಳ್ಳಲು ಬಂದವರಿಂದ ಜಾಹೀರಾತು ನಿರೀಕ್ಷಿಸುವುದು ಮಾತ್ರ ವೀರರಸದ ಸ್ಥಾಯಿಯಾದ ಉತ್ಸಾಹ.

ಅಳತೆಯ ವಿಚಾರ ಚಿಕ್ಕದು. ಬೆಂಗಳೂರಿನ ಮೇಸ್ತ್ರಿಯ ಲೆಕ್ಕದಲ್ಲಿ ಒಂದು ಚದರ ಎಂದರೆ ನೂರು ಚದರ ಅಡಿ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೆ ಏನೆಂದು ಗೆರೆ ಎಳೆದು ಹೇಳಿತಾದರೂ ಅದರ ಕಣ್ಣಿರುವುದು ಹೊಸ ಪ್ರಾಜೆಕ್ಟುಗಳ ಮೇಲೆ. ಹಳೆಯ ಒಂಟಿ ಮನೆ ಕೈ ಬದಲಾಗುವಾಗ ಬ್ರೋಕರು ನೀರಿನ ಟ್ಯಾಂಕಿನ ಕಟ್ಟೆಯನ್ನೂ ಚದರಕ್ಕೆ ಸೇರಿಸಿದರೆ ಕೇಳುವವರಿಲ್ಲ.

ಇನ್ನು ವರ್ಗೀಕರಣ. ಮಾರಾಟದ ಮನೆಗಳಲ್ಲಿ ನಾಲ್ಕು ವಿಧ: (ಅ) ದುರಸ್ತಿಯೋಗ್ಯ, (ಆ) ದುರಸ್ತಿಗೆ ಅಯೋಗ್ಯವಾದರೂ ಸಾಲಯೋಗ್ಯ, (ಇ) ವಾಸ್ತುದೋಷಪೀಡಿತ, ಅಂದರೆ ಈಶಾನ್ಯದಲ್ಲಿ ಸಂಪು ಇರಬೇಕಾದಲ್ಲಿ ಪಾಯಿಖಾನೆ ಇರುವಂಥದು (ಮಾನಸಾರ, ಮಯಮತ ಬರೆದವರ ಕಾಲಕ್ಕೆ ಸಂಪಿಗೆ ಮೋಟರ್ ಕೂರಿಸುವ ಸಮಸ್ಯೆ ಇರಲಿಲ್ಲ, ಆ ಕೊರತೆಯನ್ನು ಟೀವಿಯ ವಾಸ್ತು ಪಂಡಿತರು ತುಂಬಿಕೊಟ್ಟಿದ್ದಾರೆ), (ಈ)

ಸಾಕು. ಈ ಮನೆಗೆ ವರ್ಗವನ್ನು ಸರ್ಕಾರ ಮೊದಲೇ ಗೊತ್ತುಮಾಡಿತ್ತು: ಎಲ್‌ಐಜಿ, ಕಡಿಮೆ ಆದಾಯದವರ ಮನೆ. 1962ರ ಕಾಯ್ದೆಯ ಕೆಳಗೆ ನಡೆಯುವ ಗೃಹ ಮಂಡಳಿ ಇಂಥ ಮನೆಗಳನ್ನು ಲೀಸ್ ಕಮ್ ಸೇಲ್ ಕರಾರಿನ ಮೇಲೆ, ಕಂತು ಕಟ್ಟಿಸಿಕೊಂಡು ಕೊಟ್ಟಿತು. ಬಸ್ಸಿನ ಕಂಡಕ್ಟರು, ಪ್ರೈಮರಿ ಶಾಲೆಯ ಮೇಷ್ಟ್ರು, ಕಾರ್ಖಾನೆಯ ಫಿಟ್ಟರು ಸಂಬಳದಲ್ಲಿ ಕಂತು ಮುರಿದುಕೊಂಡು, ಕೊನೆಗೊಂದು ದಿನ ಕ್ರಯಪತ್ರ ಕೈಗೆ ತಂದರು. ಆ ಮೂರಕ್ಷರ ಈಗಲೂ ಜಾಹೀರಾತಿನಲ್ಲಿ ಇವೆ. ಬೆಲೆಯ ಜಾಗದಲ್ಲಿ ಕೋಟಿಯ ಮಾತಿದೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಪ್ರಕಾರ ನಗರದ ಎಲ್‌ಐಜಿ ಕುಟುಂಬ ಎಂದರೆ ವರ್ಷಕ್ಕೆ 3ರಿಂದ 6 ಲಕ್ಷ ದುಡಿಯುವಂಥದು. ಮೇಲಿನ ಅಂಚನ್ನೇ ಹಿಡಿದರೂ ತಿಂಗಳಿಗೆ 50 ಸಾವಿರ. ಕೋಟಿಯ ಮನೆಗೆ ರಿಸರ್ವ್ ಬ್ಯಾಂಕಿನ ಮಿತಿಯೊಳಗೆ ಸಿಗುವ ಸಾಲ 75 ಲಕ್ಷ. ಮಿಕ್ಕ 25 ಲಕ್ಷ ಕೈಯಿಂದ ಹಾಕಬೇಕು, ಮುದ್ರಾಂಕ ಶುಲ್ಕ, ನೋಂದಣಿ, ಬ್ರೋಕರ್ ಕಮಿಷನ್ ಬೇರೆ. ಶೇ. 8.5ರ ಬಡ್ಡಿಗೆ 20 ವರ್ಷದ ಇಎಂಐ ಸುಮಾರು 65 ಸಾವಿರ. ಎಲ್‌ಐಜಿ ಮನೆ ಕೊಳ್ಳಲು ಹೊರಟ ಎಲ್‌ಐಜಿ ಕುಟುಂಬ ಅನ್ನ ಬಿಟ್ಟು, ಮಕ್ಕಳ ಫೀಸು ಬಿಟ್ಟು, ಬಸ್ ಚಾರ್ಜೂ ಬಿಟ್ಟು, ಮೇಲೆ ತಿಂಗಳಿಗೆ 15 ಸಾವಿರ ಕೈಸಾಲ ಮಾಡಬೇಕು. ಇದಕ್ಕೆ ಯಾವ ಅಲಂಕಾರಶಾಸ್ತ್ರ ಹಚ್ಚುವುದು? ಮಾರುವವರ ಮೇಲೆ ಸಿಟ್ಟಿಲ್ಲ. ಬಹಳ ಸಲ ಅವರ ಕೈಯಲ್ಲಿರುವ ಆಸ್ತಿ ಅದೊಂದೇ. ಸಿಟ್ಟು ಬರುವುದು, ಅಂಥ ಮನೆಯನ್ನು ಇವತ್ತಿನ ಕಂಡಕ್ಟರಿಗೆ ಊರೊಳಗೆ ಯಾರೂ ಕಟ್ಟಿಕೊಡುತ್ತಿಲ್ಲ ಎಂಬುದಕ್ಕೆ. ಗೃಹ ಮಂಡಳಿಯ ಹೆಸರು ಈಗ ಕೇಳಿಬರುವುದು ಆನೇಕಲ್ ತಾಲ್ಲೂಕಿನ ಸೂರ್ಯನಗರದಂಥ ಕಡೆ.

ಗಿರಾಕಿ ಬರುತ್ತಾನೆ. ಚಪ್ಪಲಿ ಬಿಡುವುದಿಲ್ಲ, ಒಳಗೂ ಬರುವುದಿಲ್ಲ. ಗೇಟಿನಲ್ಲೇ ನಿಂತು, ರೋಡು ಎಷ್ಟಡಿ ಎಂದು ಕೇಳುತ್ತಾನೆ. ಒಳಗೆ ಮನೆಯಾಕೆ ರೆಡ್ ಆಕ್ಸೈಡ್ ನೆಲ ಒರೆಸಿ, ಕಾಫಿಗೆ ಹಾಲಿಟ್ಟಿರುತ್ತಾರೆ.

‘ಅಮ್ಮಾ, ಮನೆಗೇನೂ ರೇಟ್ ಹೇಳ್ಬೇಡಿ. ಸೈಟ್ ರೇಟ್ ಮಾತಾಡೋಣ,’ ಅನ್ನುತ್ತಾನೆ ಬ್ರೋಕರು. ‘ಹೆಂಗೂ ಹೊಡೆಯೋದೇ ಅಲ್ವಾ.’

‘ಮೇಲಿನ ರೂಮು ಕಟ್ಸಿ ಹತ್ತು ವರ್ಷಾನೂ ಆಗಿಲ್ಲ ಕಣಪ್ಪ.’

ಆ ರೂಮಿಗೂ ಸೊನ್ನೆ. ಮನೆಗೆ ಅಷ್ಟಿಷ್ಟು ಬೆಲೆ ಕಟ್ಟುವವನು ಹೊಡೆಯುವ ಕಂಟ್ರಾಕ್ಟರೇ: ಕಂಬಿಗೆ ತೂಕದ ಲೆಕ್ಕ, ಕಿಟಕಿ ಬಾಗಿಲುಗಳಿಗೆ ಹಳೇ ಮರದ ಅಂಗಡಿಯ ಲೆಕ್ಕ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಯಾದರೆ ಒಂದು ಗೋಡೆ ಪಕ್ಕದವರದೂ ಹೌದು. ಜೆಸಿಬಿ ಬಂದ ದಿನ ಅವರ ಅಡುಗೆಮನೆಯ ಶೆಲ್ಫಿನ ಮೇಲೆ ಉದ್ದಕ್ಕೆ ಬಿರುಕು ಬೀಳುತ್ತದೆ. ಅದಕ್ಕೆ ಗಾರೆ ಮಾಡಿಸಿಕೊಡಬೇಕಾದವರು ಹೊಸ ಓನರೋ, ಕಂಟ್ರಾಕ್ಟರೋ ಎಂಬ ಜಗಳ ಇತ್ತ ಪಿಜಿ ಕಟ್ಟಡದ ಮೂರನೇ ಮೋಲ್ಡ್ ಹಾಕುವವರೆಗೂ ನಡೆದೇ ಇರುತ್ತದೆ.