ಹೊಗೆಗೊಂದು ದಾರಿ

ಬಂದಳಿಕೆ ಕಡೆ ಮಳೆಗಾಲದಲ್ಲಿ ಕರೆಂಟು ಹೊಸ ಅಳಿಯನಂತೆ: ಯಾವಾಗ ಬರುತ್ತೋ, ಬಂದರೆ ಎಷ್ಟು ಹೊತ್ತು ಇರುತ್ತೋ! ಅದಕ್ಕೇ ನಮ್ಮ ಕಾರ್ ಶೆಡ್ಡಿಗೆ ಜನರೇಟರ್ ಬಂತು. ಕಾರು ಮಳೆಗೆ ಬಿತ್ತು. ಹೊಗೆಯ ವಿಚಾರಕ್ಕೆ ಮನೆಯಲ್ಲೇ ಗ್ರಾಮಸಭೆ. ಬಾಗಿಲು ತೆರೆದಿಟ್ಟರೆ ಸಾಕೆಂದರು ಮಾವ. ಪೈಪು ಸಿಕ್ಕಿಸಿ ಹೊರಗೆ ಬಿಡೋಣವೆಂದ ಅಡಿಕೆ ತೋಟದ ಪೈಪು ತಜ್ಞ, ಮೈದುನ. ಇಲ್ಲಿನ ಸೋಮೇಶ್ವರ ಗುಡಿಯ ಬಾಗಿಲ ಪಕ್ಕದ, ರಾಮಾಯಣ ಕೆತ್ತಿದ ಜಾಲಂಧ್ರದಂತೆ ಗೋಡೆ ಕೊರೆಸಿದರೆ ರಾಮಾಯಣ ಸಮೇತ ಗಾಳಿಯಾಡುತ್ತದೆ ಎಂಬುದು ನನ್ನ ಮಂಡನೆ, ಯಾರೂ ಅನುಮೋದಿಸಲಿಲ್ಲ. ಆದರೆ ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ತೆರೆದಿದ್ದರೂ ಶೆಡ್ಡಿನಲ್ಲಿ ತುಂಬಿಕೊಳ್ಳುತ್ತದೆ. ಕೈಗೆ ಸಿಕ್ಕ ಪೈಪು ಜೋಡಿಸಿದರೆ ಸೋರುತ್ತದೆ, ಎಂಜಿನ್ನಿನ ಉಸಿರೂ ಕಟ್ಟುತ್ತದೆ. ಈಗ ಜನರೇಟರ್ ಅಂಗಳದಾಚೆ, ಕಿಟಕಿಗಳಿಂದ 20 ಅಡಿ ದೂರ, ಗೋಡೆಯಿಲ್ಲದ ತಗಡಿನ ಸೂರಿನಡಿ ಗುಡುಗುತ್ತಿದೆ. ನಿಮ್ಮದೂ ಶೆಡ್ಡಿನಲ್ಲಿದ್ದರೆ ಇವತ್ತೇ ಹೊರಗೆ ಹಾಕಿ.