ಚಾಪೆಯ ಮೇಲೆ ಮಲಗುವ ಮುನ್ನ: ಬ್ಯಾಂಕಾಕಿಗೆ ಹೊರಟವರಿಗೊಂದು ಬಹಿರಂಗ ಪತ್ರ

ಮೊದಲ ಸಲ ಬ್ಯಾಂಕಾಕಿಗೆ ಹೊರಟಿರುವ ಬಂಧುಗಳೇ,

ಕಳೆದ ಸಲ ಬೆಂಗಳೂರಿನ ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಹಿಂದೆ ಆರೇಳು ಜನ ಗಂಡಸರು ನಿಂತಿದ್ದರು. ಒಂದೇ ಕಚೇರಿಯವರಿರಬೇಕು. ಅಲ್ಲಿಗೆ ಹೋದ ಮೇಲೆ ಏನೇನು ಮಾಡಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ‘ಮಸಾಜ್’ ಅಂದರು, ಉಳಿದವರೆಲ್ಲ ನಕ್ಕರು. ಮುಂದೆ ಹೆಂಗಸೊಬ್ಬಳಿದ್ದಾಳೆಂದು ಗಮನಕ್ಕೆ ಬಂದು ದನಿ ತಗ್ಗಿಸಿದರು. ಆ ನಗುವನ್ನು ನಾನು ಮದುವೆ ಮನೆಗಳಲ್ಲೂ ಕೇಳಿದ್ದೇನೆ, ಓದಿದವರ ನಡುವೆಯೂ ಕೇಳಿದ್ದೇನೆ. ಅಂದು ಹಿಂದೆ ತಿರುಗಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡವೆಂದಿತು. 2024ರಲ್ಲಿ ನಮ್ಮ ದೇಶದಿಂದ ಅಲ್ಲಿಗೆ ಹೋದವರು 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಕನ್ನಡ ಮಾತಾಡುವವರು ಕಡಿಮೆಯೇನಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟ ಅಷ್ಟೆ. ಹೋದವರಲ್ಲಿ ಬಹಳ ಜನ ಒಂದಲ್ಲ ಒಂದು ಸಂಜೆ ಮಾಲೀಸಿನ ಅಂಗಡಿಯ ಬಾಗಿಲು ತಳ್ಳುತ್ತಾರೆ. ಒಳಗೆ ಏನು ಕಾದಿದೆ ಎಂಬುದು ಅವರಿಗೆ ಗೊತ್ತಿರಬೇಕೆಂಬುದೇ ನನ್ನ ಆಸೆ.

ಅಂಗಡಿಗೆ ಹೋಗುವ ಮೊದಲು ‘ವಾಟ್ ಫೊ’ ದೇವಾಲಯಕ್ಕೆ ಹೋಗಿ. ಮಲಗಿರುವ ಬುದ್ಧನ 46 ಮೀಟರ್ ಉದ್ದದ ಮೂರ್ತಿ ನೋಡಲು ಎಲ್ಲರೂ ಹೋಗಿಯೇ ಹೋಗುತ್ತಾರೆ. ಫೋಟೊ ತೆಗೆದುಕೊಂಡು ಅಲ್ಲಿಂದಲೇ ಹಿಂತಿರುಗಬೇಡಿ. ಅಂಗಳದ ಮಂಟಪಗಳ ಗೋಡೆಗಳಲ್ಲಿ ಕಲ್ಲಿನ ಫಲಕಗಳಿವೆ. ಮನುಷ್ಯ ದೇಹದ ರೇಖಾಚಿತ್ರ, ಅದರ ಮೇಲೆ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆ, ಪಕ್ಕದಲ್ಲಿ ಬರಹ: ಎಲ್ಲಿ ಒತ್ತಿದರೆ ಯಾವ ನೋವು ಇಳಿಯುತ್ತದೆ ಎಂದು. 19ನೇ ಶತಮಾನದಲ್ಲಿ ಆಳಿದ ಮೂರನೇ ರಾಮ ಎಂಬ ದೊರೆ, ವೈದ್ಯವಿದ್ಯೆ ಕೆಲವೇ ಮನೆತನಗಳ ಗುಟ್ಟಾಗಿ ಉಳಿಯಬಾರದೆಂದು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ. ವಾಟ್ ಫೊದ 1,440 ಶಾಸನಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಅಲ್ಲೇ ಕೈಕಾಲು ತಿರುಚಿ ಕುಳಿತ ಋಷಿಗಳ ಸಣ್ಣ ವಿಗ್ರಹಗಳಿವೆ. ಥಾಯ್ ಭಾಷೆಯಲ್ಲಿ ಅವರ ಹೆಸರು ‘ರುಸಿ’. ನಮ್ಮ ಋಷಿಯೇ. ಅದೇ ಆವರಣದಲ್ಲಿ 1955ರಿಂದ ಸಾಂಪ್ರದಾಯಿಕ ವೈದ್ಯದ ಶಾಲೆ ನಡೆಯುತ್ತಿದೆ. ಮೈ ಒತ್ತುವ ವಿದ್ಯೆಯನ್ನೂ ಅಲ್ಲಿ ಕಲಿಸುತ್ತಾರೆ.

ಆ ವಿದ್ಯೆಯ ಹೆಸರು ‘ನುವಾದ್ ಥಾಯ್’. ನುವಾದ್ ಅಂದರೆ ಒತ್ತುವುದು, ನಾದುವುದು. 2019ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ನಮ್ಮ ಯೋಗ ಸೇರಿದ ಅದೇ ಪಟ್ಟಿಗೆ. ದೇಹದಲ್ಲಿ ಹತ್ತು ಮುಖ್ಯ ‘ಸೆನ್’ಗಳಿವೆ, ಅಂದರೆ ನಾಡಿಗಳಿವೆ, ಅವು ಹೊಕ್ಕುಳಿನ ಬಳಿಯಿಂದ ಹೊರಡುತ್ತವೆ ಎಂಬುದು ಅವರ ನಂಬಿಕೆ. ಮೊದಲ ಮೂರರ ಹೆಸರು ಇಥಾ, ಪಿಂಗ್‌ಖಲಾ, ಸುಮನಾ. ಇಡಾ, ಪಿಂಗಳಾ, ಸುಷುಮ್ನಾ ಎಂದು ನಮ್ಮ ಕಿವಿ ತಾನಾಗಿ ಕೇಳಿಸಿಕೊಳ್ಳುತ್ತದೆ.

ಇನ್ನು ಗುರು. ಕಲಿತವರು ಕೆಲಸಕ್ಕೆ ಮೊದಲು ಕೈಮುಗಿಯುವುದು ‘ಶಿವಗೊ ಕೊಮಾರಪತ್’ ಎಂಬವನಿಗೆ. ಅವನು ಬುದ್ಧನ ವೈದ್ಯ ಜೀವಕ, ಮಗಧದ ರಾಜಗೃಹದವನು. ಇಂದಿನ ಬಿಹಾರದ ರಾಜಗೀರ್ ಅದು. ವಿನಯಪಿಟಕ ಹೇಳುವಂತೆ ಅವನು ಸಾಲವತಿ ಎಂಬ ಗಣಿಕೆಯ ಮಗ. ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ಕಸದ ರಾಶಿಗೆ ಎಸೆದಿದ್ದರು. ಕಾಗೆಗಳು ಸುತ್ತುವರಿದದ್ದನ್ನು ಕಂಡ ರಾಜಕುಮಾರ ಅಭಯ ‘ಬದುಕಿದೆಯೇ?’ ಎಂದು ಕೇಳಿದ. ‘ಬದುಕಿದೆ’ ಎಂದರು. ಅದಕ್ಕೇ ಜೀವಕ. ತಕ್ಷಶಿಲೆಯಲ್ಲಿ ಏಳು ವರ್ಷ ಓದಿದ. ಔಷಧಿಯಾಗದ ಗಿಡ ಯಾವುದಾದರೂ ಇದ್ದರೆ ತಾ ಎಂದು ಗುರು ಕಳಿಸಿದಾಗ ಊರ ಸುತ್ತ ಅಲೆದು, ಅಂಥದ್ದೊಂದೂ ಕಾಣಲಿಲ್ಲವೆಂದು ಬರಿಗೈಯಲ್ಲಿ ಬಂದವನು ಅವನೇ. ಹೆಣ್ಣಿನ ಅಸಹಾಯಕತೆಯಲ್ಲಿ ಹುಟ್ಟಿ, ತಿಪ್ಪೆಯಿಂದ ಎದ್ದು ವೈದ್ಯನಾದವನಿಗೆ ಕೈಮುಗಿದು ಶುರುವಾಗುವ ಕೆಲಸವನ್ನು, ಅವನ ನೆಲದಿಂದ ಹೋದ ನಾವು ಕೀಳಾಗಿ ನೋಡುತ್ತೇವೆ. ಇದು ನನ್ನನ್ನು ನೋಯಿಸುತ್ತದೆ.

ಮಾಲೀಸಿನ ಅಂಗಡಿಗೆ ನಾನು ಮೊದಲ ಸಲ ಹೋದದ್ದು ಅಕ್ಕನ ಮಂಡಿನೋವಿಗಾಗಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟೆವು. ಸಣ್ಣ ಮಣೆಯ ಮೇಲೆ ಕೂರಿಸಿ, ನಡುವಯಸ್ಸಿನ ಹೆಂಗಸೊಬ್ಬರು ಬಿಸಿನೀರಿನಲ್ಲಿ ನಮ್ಮ ಕಾಲು ತೊಳೆದರು. ಅಕ್ಕ ಕಾಲು ಹಿಂದಕ್ಕೆಳೆದುಕೊಂಡಳು. ಆ ವಯಸ್ಸಿನವರ ಕೈಯಲ್ಲಿ ಪಾದ ತೊಳೆಸಿಕೊಳ್ಳುವುದು ನಮ್ಮಲ್ಲಿಲ್ಲ. ಅಲ್ಲಿಯೂ ಪಾದ ದೇಹದ ಅತಿ ಕೀಳು ಭಾಗ, ತಲೆ ಪವಿತ್ರ. ಹಾಗಿದ್ದೂ ಅವರು ಶುರುಮಾಡುವುದು ಪಾದದಿಂದ.

ಸಡಿಲವಾದ ಹತ್ತಿಯ ಪೈಜಾಮ, ಅಂಗಿ ಕೊಡುತ್ತಾರೆ. ಅದನ್ನು ತೊಟ್ಟೇ ಮಲಗಬೇಕು. ಎಣ್ಣೆಯಿಲ್ಲ, ಬಟ್ಟೆ ಬಿಚ್ಚುವುದಿಲ್ಲ, ಎತ್ತರದ ಮೇಜಿಲ್ಲ. ನೆಲದ ಮೇಲೆ ಹಾಸಿದ ದಪ್ಪ ಹಾಸಿಗೆ, ಅಕ್ಕಪಕ್ಕದಲ್ಲಿ ಬೇರೆಯವರು, ನಡುವೆ ಒಂದು ಪರದೆ ಇದ್ದರೆ ಇತ್ತು. ನಮ್ಮ ಅಭ್ಯಂಗ ಎಣ್ಣೆ ಹಚ್ಚಿ ತಿಕ್ಕುವ ವಿದ್ಯೆ. ಇದು ಒಣಗೈಯಲ್ಲಿ ಒತ್ತುವ ವಿದ್ಯೆ. ಹಳ್ಳಿಯ ಮನೆಗಳಲ್ಲಿ ಅಜ್ಜ ಬೋರಲು ಮಲಗಿ ‘ಬೆನ್ನು ತುಳಿ ಮಗಾ’ ಎನ್ನುತ್ತಿದ್ದರಲ್ಲ, ಅದು ಗೊತ್ತಿದ್ದರೆ ನಿಮಗೆ ಇದು ಅರ್ಧ ಗೊತ್ತಿದ್ದಂತೆ. ಥಾಯ್ ಹಳ್ಳಿಗಳಲ್ಲೂ ಗದ್ದೆ ಕೆಲಸ ಮುಗಿಸಿ ಬಂದವರ ಮೈಯನ್ನು ಮನೆಯವರು ಹೀಗೇ ಒತ್ತುತ್ತಿದ್ದರು.

ಅಂಗಾಲಿನಿಂದ ಹೆಬ್ಬೆರಳು ಮೇಲಕ್ಕೆ ನಡೆಯುತ್ತದೆ. ಮೀನಖಂಡ, ಮಂಡಿಯ ಸುತ್ತು, ತೊಡೆ. ಒಂದು ಗೆರೆಯಲ್ಲಿ ಹೋಗಿ ಅದೇ ಗೆರೆಯಲ್ಲಿ ಹಿಂತಿರುಗುತ್ತಾರೆ. ಕೈಯ ಶಕ್ತಿಯಲ್ಲಿ ಒತ್ತುವುದಿಲ್ಲ. ತೋಳು ನೆಟ್ಟಗಿಟ್ಟು ಮೈಭಾರವನ್ನು ಮುಂದಕ್ಕೆ ತೂಗಿ ಇಳಿಸುತ್ತಾರೆ. ತೊಡೆಯ ಸಂದಿನಲ್ಲಿ ನಾಡಿ ಬಡಿಯುವ ಜಾಗಕ್ಕೆ ಅಂಗೈ ಇಟ್ಟು, ಕೆಲವು ಕ್ಷಣ ಹಾಗೇ ಅದುಮಿ ಹಿಡಿದು, ಮೆಲ್ಲಗೆ ಬಿಡುವುದೂ ಉಂಟು. ಆಗ ರಕ್ತ ಬೆಚ್ಚಗೆ ಕಾಲಿನವರೆಗೆ ಹರಿದು ಹೋಗುವುದು ಗೊತ್ತಾಗುತ್ತದೆ. ಗಾಳಿಯ ಬಾಗಿಲು ತೆರೆಯುವುದು ಎಂದು ಅದಕ್ಕೆ ಹೆಸರು. ಮೊದಲ ಸಲ ಹೋದವರು ಇಲ್ಲಿ ಬೆಚ್ಚಿಬೀಳುತ್ತಾರೆ, ಕೆಲವರು ತಪ್ಪಾಗಿ ತಿಳಿಯುತ್ತಾರೆ. ಅದು ಚಿಕಿತ್ಸೆಯ ಒಂದು ಹೆಜ್ಜೆ. ಬೇಡವೆನಿಸಿದರೆ ಬೇಡ ಎಂದು ಹೇಳಿ, ಬಿಟ್ಟುಬಿಡುತ್ತಾರೆ.

ಆಮೇಲೆ ಮೊಣಕೈ, ಮಂಡಿ, ಪಾದ ಎಲ್ಲವೂ ಕೆಲಸಕ್ಕೆ ಬರುತ್ತವೆ. ಕೊನೆಗೆ ಎಳೆತ. ಬೋರಲು ಮಲಗಿಸಿ, ತೊಡೆಯ ಹಿಂಭಾಗಕ್ಕೆ ಮಂಡಿ ಊರಿ, ಕೈಹಿಡಿದು ಎದೆ ಮೇಲಕ್ಕೆತ್ತುತ್ತಾರೆ. ನೀವೇನೂ ಮಾಡದೆಯೇ ಭುಜಂಗಾಸನ ಆಗಿರುತ್ತದೆ.

ನೋವಾಗುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಕುರ್ಚಿಯಲ್ಲಿ ಕೂತೇ ಬದುಕುವವರ ಹೆಗಲು, ಸೊಂಟಗಳಲ್ಲಿ ಹೆಬ್ಬೆರಳು ಇಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಗಂಡಸರು ಹಲ್ಲು ಕಚ್ಚಿ ಸುಮ್ಮನಿರುವುದನ್ನು ನೋಡಿದ್ದೇನೆ. ಅದರಿಂದ ಯಾರಿಗೂ ಲಾಭವಿಲ್ಲ. ಎರಡು ಮಾತು ಕಲಿತುಕೊಂಡು ಹೋಗಿ: ‘ಜೆಪ್’ ಅಂದರೆ ನೋಯುತ್ತಿದೆ, ‘ಬಾವ್ ಬಾವ್’ ಅಂದರೆ ಮೆಲ್ಲಗೆ. ಹೇಳಿದ ಕೂಡಲೇ ಕೈ ಹಗುರಾಗುತ್ತದೆ. ಹಿತವಾದ ನೋವು, ತಡೆಯಲಾಗದ ನೋವು ಬೇರೆ ಬೇರೆ. ಎರಡನೆಯದು ಬಂದಾಗ ಸಹಿಸಬೇಡಿ.

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಮೂಳೆ ಸವೆದವರು, ಇತ್ತೀಚೆಗೆ ಆಪರೇಷನ್ ಆದವರು ನಮ್ಮೂರಿನ ವೈದ್ಯರನ್ನು ಕೇಳದೆ ಹೋಗಬೇಡಿ. ಜ್ವರವಿದ್ದರೆ ಬೇಡ. ಹೊಟ್ಟೆತುಂಬ ಉಂಡು ಹೋಗಬೇಡಿ. ಕತ್ತನ್ನು ಲಟಕ್ಕೆಂದು ತಿರುಗಿಸಲು ಯಾರಿಗೂ ಬಿಡಬೇಡಿ. ಕತ್ತಿನ ನರಗಳಿಗೂ ರಕ್ತನಾಳಗಳಿಗೂ ಪೆಟ್ಟಾದರೆ ಜೀವನಪರ್ಯಂತ ಅನುಭವಿಸಬೇಕಾಗಬಹುದು.

ಇನ್ನೊಂದು ಬಗೆಯ ಅಂಗಡಿಗಳಿಲ್ಲವೇ ಎಂದು ಕೇಳುತ್ತೀರಿ. ಇವೆ. ಮಸಾಜಿನ ಹೆಸರಿನಲ್ಲಿ ಮೈಮಾರಾಟ ನಡೆಯುವ ಜಾಗಗಳಿವೆ. ಥಾಯ್ಲೆಂಡಿನ ಕಾನೂನು ಅದನ್ನು ಒಪ್ಪುವುದಿಲ್ಲ. ಆ ಕೆಟ್ಟ ಹೆಸರಿನ ಭಾರ ಹೊರುವವರು ಮಾತ್ರ ನಿಜವಾಗಿ ವಿದ್ಯೆ ಕಲಿತ ಹೆಂಗಸರು. ಅವರಲ್ಲಿ ಬಹಳ ಜನ ಈಶಾನ್ಯದ ಇಸಾನ್ ಸೀಮೆಯವರು. ಮಳೆ ನಂಬಿದ ಬೇಸಾಯ, ಮಕ್ಕಳು ಊರಲ್ಲಿ ಅಜ್ಜಿಯ ಬಳಿ, ದುಡ್ಡು ತಿಂಗಳಿಗೊಮ್ಮೆ ಊರಿಗೆ. ಅನೇಕ ಅಂಗಡಿಗಳಲ್ಲಿ ತಿಂಗಳ ಸಂಬಳವಿಲ್ಲ. ಗಿರಾಕಿ ಬಂದರೆ ಆ ಗಂಟೆಯ ಪಾಲು, ಬಾರದಿದ್ದರೆ ಕಾಯುವುದು. ಬೀದಿಬದಿಯ ಸಾಧಾರಣ ಅಂಗಡಿಯಲ್ಲಿ ಗಂಟೆಗೆ 300 ಬಾತ್ ಆಸುಪಾಸು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಅವರ ಕೈಸೇರುವುದು ಒಂದು ಪಾಲು ಮಾತ್ರ. ಅಕ್ಕನ ಮಂಡಿ ಒತ್ತಿದಾಕೆಯ ಹೆಬ್ಬೆರಳಿನ ಗೆಣ್ಣು ಊದಿಕೊಂಡಿತ್ತು. ಕೇಳಿದರೆ ನಕ್ಕು ಮೊಣಕೈ ತೋರಿಸಿದರು, ಈಗ ಇದರಲ್ಲೇ ಹೆಚ್ಚು ಒತ್ತುತ್ತೇನೆ ಎಂಬಂತೆ.

ಅದೇ ಸಂಜೆ ಪರದೆಯ ಆಚೆ ಭಾರತದಿಂದ ಬಂದ ಒಬ್ಬ ಗಿರಾಕಿ ಅಕ್ಕನ ಮಂಡಿ ಒತ್ತುತ್ತಿದ್ದಾಕೆಯ ಜೊತೆಗಾತಿಗೆ ಏನೋ ಕೇಳಿದ. ಆಕೆ ‘ಇಲ್ಲ’ ಎಂದರು. ಅವನು ನಗುತ್ತ ಇನ್ನೊಮ್ಮೆ ಕೇಳಿದ. ಆಕೆ ಇನ್ನೊಮ್ಮೆ ‘ಇಲ್ಲ’ ಎಂದು ಹೇಳಿ, ಕೆಲಸ ನಿಲ್ಲಿಸದೆ ಅವನ ಕಾಲು ಒತ್ತುತ್ತಲೇ ಇದ್ದರು. ಗಂಟೆ ಮುಗಿಸಲೇಬೇಕಿತ್ತಲ್ಲ. ಅಕ್ಕ ನನ್ನ ಮುಖ ನೋಡಿದಳು. ನಾವು ಅವನ ದೇಶದವರು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಳ್ಳೆಯ ಅಂಗಡಿಯ ಗುರುತು ಕಷ್ಟವಲ್ಲ. ದರದ ಫಲಕ ಹೊರಗಿರುತ್ತದೆ, ಪರವಾನಗಿ ಗೋಡೆಯ ಮೇಲಿರುತ್ತದೆ, ಒಳಗೆ ಮುದುಕಿಯರೂ ಮನೆಮಂದಿಯೂ ಕೂತಿರುತ್ತಾರೆ. ಒಂದು ಗಂಟೆಗಿಂತ ಎರಡು ಗಂಟೆ ತೆಗೆದುಕೊಳ್ಳಿ. ಒಂದು ಗಂಟೆ ಕಾಲಿಗೇ ಸರಿಹೋಗುತ್ತದೆ. ಅರಿಸಿನ, ಮಜ್ಜಿಗೆಹುಲ್ಲು, ಕರ್ಪೂರ ಕಟ್ಟಿದ ಬಿಸಿ ಗಂಟು ಇದ್ದರೆ ಅದನ್ನೂ ಕೇಳಿ. ಬಾಣಂತಿಗೆ ಶಾಖ ಕೊಡುವ ನಮ್ಮ ಮನೆಗಳ ವಾಸನೆ ಅದರಲ್ಲಿದೆ.

ಮುಗಿದ ಮೇಲೆ ಬಿಸಿ ಚಹಾ ಕೊಡುತ್ತಾರೆ. ಅವಸರ ಮಾಡದೆ ಕುಡಿಯಿರಿ. ಏಳುವಾಗ ಕೈಮುಗಿದು, ಗಂಡಸರಾದರೆ ‘ಖೋಪ್ ಖುನ್ ಖ್ರಾಪ್’, ಹೆಂಗಸರಾದರೆ ‘ಖೋಪ್ ಖುನ್ ಖಾ’ ಎಂದು ಹೇಳಿ. ನೂರು ಬಾತ್ ಕೌಂಟರಿನಲ್ಲಿ ಬಿಡದೆ ಒತ್ತಿದವರ ಕೈಗೇ ಕೊಡಿ. ಊರಿಗೆ ಬಂದ ಮೇಲೆ ಗೆಳೆಯರು ‘ಮಸಾಜ್ ಮಾಡಿಸಿದೆಯಾ?’ ಎಂದು ನಕ್ಕರೆ ನೀವು ನಗಬೇಡಿ. ನಿಮ್ಮ ಕಾಲು ತೊಳೆದವರ ಬಗ್ಗೆ ಅವರಿಗೆ ಹೇಳಿ.

ಇಂತಿ,
ನಿಮ್ಮ ಹಾಗೆಯೇ ಅಲ್ಲಿಗೆ ಹೋಗಿ ಬಂದ ಒಬ್ಬಳು